ರಾಯಚೂರಿನಲ್ಲೇ ಇದ್ದು ಪತ್ರಕರ್ತೆ ಆಗಬಹುದಾ?

ಮಾನ್ವಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಪತ್ರಿಕೋದ್ಯಮ, ಕನ್ನಡ ತಗೊಂಡಿದ್ದೇನೆ. ಊರು ಮಾನ್ವಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ ಅಂದರೆ ಈ ಕಡೆಯವರಿಗೆ ಅರ್ಥವಾಗುತ್ತದೆ. ಇಲಾಖೆಯ ನಕ್ಷೆಯಲ್ಲಿ ನಮ್ಮ ಹೊಲ ನೀರಾವರಿ ಜಮೀನು. ಕಾಲುವೆಯೂ ಇದೆ. ನೀರು ಬರುವುದು ಅಪರೂಪ.

ಪ್ರತಿ ವರ್ಷ ನಮ್ಮ ಕಡೆ ರೈತರು ನೀರಿಗಾಗಿ ರಸ್ತೆ ತಡೆ ಮಾಡುತ್ತಾರೆ. ಅಪ್ಪನೂ ಹೋಗುತ್ತಾರೆ. ಮರುದಿನ ಪೇಪರ್‌ನಲ್ಲಿ ಒಂದು ಫೋಟೊ, ಅದರ ಕೆಳಗೆ ‘ಸಂಚಾರ ಅಸ್ತವ್ಯಸ್ತ’ ಅಂತ ನಾಲ್ಕು ಸಾಲು, ಕೊನೆಗೆ ಮುಖಂಡರ ಹೆಸರುಗಳ ಪಟ್ಟಿ. ನೀರು ಎಲ್ಲಿ ನಿಂತಿತು, ಯಾರ ಹೊಲಕ್ಕೆ ಹೋಯಿತು ಎಂದು ಯಾರೂ ಬರೆಯುವುದಿಲ್ಲ. ಅದನ್ನು ನಾನು ಬರೆಯಬೇಕು. ಈ ಆಸೆ ಪಿಯುಸಿಯಿಂದಲೂ ಇದೆ, ಕಡಿಮೆ ಆಗಿಲ್ಲ.

ಅವ್ವ ಬಿ.ಇಡಿ. ಮಾಡು, ಮೇಷ್ಟ್ರು ಕೆಲಸ ಸಿಕ್ಕರೆ ಜೀವನ ಆಯಿತು ಅನ್ನುತ್ತಾಳೆ. ಬೆಂಗಳೂರಿನಲ್ಲಿರುವ ಗೆಳತಿ ಅಲ್ಲಿಗೆ ಬಾ, ಟಿವಿಯಲ್ಲಿ ಇಂಟರ್ನ್ ಆಗಿ ಸೇರು ಅನ್ನುತ್ತಾಳೆ. ಇಲ್ಲಿನ ಒಂದು ಯೂಟ್ಯೂಬ್ ಚಾನೆಲ್‌ನವರು 15 ಸಾವಿರ ಡೆಪಾಸಿಟ್ ಕೊಟ್ಟರೆ ಐಡಿ ಕಾರ್ಡ್, ಲೋಗೊ ಇರುವ ಮೈಕ್ ಕೊಡುತ್ತೇವೆ, ತಾಲ್ಲೂಕು ವರದಿಗಾರ್ತಿ ಮಾಡುತ್ತೇವೆ ಅಂದಿದ್ದಾರೆ. ಸಂಬಳ ಇಲ್ಲವಂತೆ. ಜಾಹೀರಾತು ತಂದರೆ ಕಮಿಷನ್. ಅಪ್ಪ ಆ ದುಡ್ಡು ಹೊಂದಿಸಲು ತಯಾರಿದ್ದಾರೆ. ನನಗೇ ಮನಸ್ಸು ಒಪ್ಪುತ್ತಿಲ್ಲ.

ಇಲ್ಲೇ ಇದ್ದು ಮರ್ಯಾದೆಯಿಂದ ಈ ಕೆಲಸ ಮಾಡುವುದು ಸಾಧ್ಯವಾ? ಈ ಕೆಲಸದಲ್ಲಿ ಇರುವವರು, ಇದ್ದವರು ದಯವಿಟ್ಟು ಹೇಳಿ.

ಲಿಂಗಸುಗೂರು ಮೇಷ್ಟ್ರು:

ನಾನು ಒಂದು ದಿನಪತ್ರಿಕೆಗೆ ಕೆಲವು ವರ್ಷ ಬರೆದವನು. ಮಗಳು ಹುಟ್ಟಿದ ಮೇಲೆ ಬಿಟ್ಟು ಹೈಸ್ಕೂಲಿಗೆ ಬಂದೆ. ಬರೆಯುವ ಕೆಲಸದ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಆದರೆ ಸುದ್ದಿಯಿಂದ ಬಂದ ದುಡ್ಡು ಪೆಟ್ರೋಲಿಗೆ, ಫೋನಿಗೆ ಸರಿಹೋಗುತ್ತಿತ್ತು, ಅಷ್ಟೇ. ಹಟ್ಟಿ ಗಣಿಯಲ್ಲಿ ಅವಘಡ ಅಂದರೆ ರಾತ್ರಿ ಓಡಬೇಕು, ನಾರಾಯಣಪುರ ಡ್ಯಾಮಿನಿಂದ ಕೃಷ್ಣೆಗೆ ನೀರು ಬಿಟ್ಟರು ಅಂದರೆ ನಡುಗಡ್ಡೆ ಊರುಗಳ ಕಡೆ ಓಡಬೇಕು.

ಅವ್ವನ ಮಾತು ತಳ್ಳಿಹಾಕಬೇಡಿ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಜಿಲ್ಲೆಗಳ ಮಕ್ಕಳಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಇದೆ. ಅದನ್ನು ಬಿಡಬಾರದು. ಬಿ.ಇಡಿ. ಮುಗಿಸಿಕೊಂಡರೆ ಕೊನೆಪಕ್ಷ ಖಾಸಗಿ ಶಾಲೆಯಲ್ಲಾದರೂ ಸಂಬಳ ಬರುತ್ತದೆ. ಆಮೇಲೆ ಬರೆಯಿರಿ. ಆ 15 ಸಾವಿರ ಮಾತ್ರ ಕೊಡಬೇಡಿ.

ಎಡದಂಡೆ ವರದಿಗಾರ, ಸಿಂಧನೂರು:

ತಂಗಿ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಕಾರ್ಡಿನ ವಿಷಯ. ಈ ದೇಶದಲ್ಲಿ ಸುದ್ದಿ ಬರೆಯಲು ಲೈಸೆನ್ಸ್ ಬೇಕು ಎನ್ನುವ ಕಾನೂನು ಇಲ್ಲ. ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಮಾತಾಡುವ, ಬರೆಯುವ ಹಕ್ಕು ಕೊಟ್ಟಿದೆ. ನಾನು ಅದರ ಮೇಲೇ ನಿಂತು ಬರೆಯುತ್ತೇನೆ. ನೀವೂ ಅದರ ಮೇಲೇ ನಿಲ್ಲಬಹುದು. ವಾರ್ತಾ ಇಲಾಖೆ ಕೊಡುವ ಮಾನ್ಯತಾ ಕಾರ್ಡ್ ಬೇರೆ. ಅದು ಸಂಸ್ಥೆಯಲ್ಲಿ ಕೆಲಸ ಮಾಡಿ ಅನುಭವ ಇದ್ದವರಿಗೆ ಸಿಗುತ್ತದೆ, ಅದನ್ನು ಯಾರೂ ಮಾರುವ ಹಾಗಿಲ್ಲ. 15 ಸಾವಿರ ತಗೊಂಡು ಕಾರ್ಡ್ ಕೊಡುವವನಿಗೆ ನಿಮ್ಮ ಬರವಣಿಗೆ ಬೇಕಿಲ್ಲ. ಆ ದುಡ್ಡನ್ನು ನೀವು ಯಾರಿಂದಲಾದರೂ ವಾಪಸ್ ತೆಗೆಯುತ್ತೀರಿ ಅಂತ ಅವನಿಗೆ ಗೊತ್ತು. ಪಿಡಿಒ ಹತ್ತಿರವೋ, ನ್ಯಾಯಬೆಲೆ ಅಂಗಡಿಯವನ ಹತ್ತಿರವೋ, ಮರಳು ಟ್ರ್ಯಾಕ್ಟರ್ ಇಟ್ಟವನ ಹತ್ತಿರವೋ. ಇದು ನಮ್ಮ ಜಿಲ್ಲೆಯಲ್ಲಿ ದಿನಾ ನಡೆಯುತ್ತಿದೆ. ನಿಜವಾಗಿ ಕೆಲಸ ಮಾಡುವವರು ಹೋಗಿ ನಿಂತರೂ ಜನ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಬಂದಿದೆ. ನನಗೆ ಇದಕ್ಕಿಂತ ನೋವಿನ ಸಂಗತಿ ಬೇರೆ ಇಲ್ಲ.

ಎರಡನೆಯದು ದುಡ್ಡು. ತಾಲ್ಲೂಕಿನಲ್ಲಿ ಬರೆಯುವ ಬಹಳಷ್ಟು ಜನ ಸ್ಟ್ರಿಂಗರ್‌ಗಳು, ಅರೆಕಾಲಿಕರು. ಸಾಲಿನ ಲೆಕ್ಕವೋ, ಸುದ್ದಿ ಲೆಕ್ಕವೋ, ತಿಂಗಳಿಗೆ ಇಷ್ಟು ಅಂತಲೋ ಒಂದು ಸಣ್ಣ ಮೊತ್ತ ಬರುತ್ತದೆ. ಅದರ ಜೊತೆಗೆ ಜಾಹೀರಾತು ಟಾರ್ಗೆಟ್ ಇರುತ್ತದೆ. ಆಗಸ್ಟ್ 15ಕ್ಕೆ ಪುರವಣಿ, ನಾಯಕರ ಹುಟ್ಟುಹಬ್ಬಕ್ಕೆ ಪುರವಣಿ, ಜಾತ್ರೆಗೆ ಪುರವಣಿ. ಬೆಳಿಗ್ಗೆ ಯಾವ ಗುತ್ತಿಗೆದಾರನ ಕಳಪೆ ರಸ್ತೆ ನೋಡಬೇಕೋ, ಸಂಜೆ ಅವನ ಮನೆಗೇ ಕಾಲು ಪುಟದ ಜಾಹೀರಾತು ಕೇಳಲು ಹೋಗಬೇಕು. ಚೆನ್ನಾಗಿ ಬರೆಯುತ್ತಿದ್ದ ಹುಡುಗರು ಇದರಲ್ಲಿ ಮೆತ್ತಗಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ಕೆಟ್ಟವರಾಗಿರಲಿಲ್ಲ. ಮನೆ ಬಾಡಿಗೆ ಕಟ್ಟಬೇಕಿತ್ತು.

ನಾನು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಮನೆ ನಡೆಯುವುದು ಅದರಿಂದ. ಪತ್ರಿಕೆಗೆ ಸುದ್ದಿ ಕೊಡುತ್ತೇನೆ, ಜಾಹೀರಾತು ಕೇಳಲು ಹೋಗುವುದಿಲ್ಲ ಎಂದು ಸೇರುವಾಗಲೇ ಹೇಳಿದ್ದೆ. ಅದಕ್ಕೆ ಎರಡು ಪತ್ರಿಕೆಯವರು ಬೇಡ ಅಂದರು, ಮೂರನೆಯವರು ಒಪ್ಪಿದರು. ಅಂಗಡಿ ಇಟ್ಟಿದ್ದರಿಂದ ನಾನು ಎಣಿಸದ ಒಂದು ಲಾಭ ಆಯಿತು. ಪಹಣಿ, ಪೋಡಿ ಅರ್ಜಿ, ಬೆಳೆ ವಿಮೆ ರಸೀದಿ, ಬ್ಯಾಂಕ್ ನೋಟಿಸ್ ಎಲ್ಲ ಜೆರಾಕ್ಸಿಗೆ ಬರುತ್ತವೆ. ಒಂದು ವಾರ ಒಂದೇ ಹೋಬಳಿಯವರು ಒಂದೇ ಥರದ ನೋಟಿಸ್ ಹಿಡಿದು ಸಾಲಾಗಿ ಬಂದರು ಅಂದರೆ ಅಲ್ಲಿ ಏನೋ ಇದೆ ಅಂತ ಅರ್ಥ. ಬಂದವರ ಕಾಗದವನ್ನು ಅವರ ಒಪ್ಪಿಗೆ ಇಲ್ಲದೆ ನಾನು ಮುಟ್ಟುವುದಿಲ್ಲ. ‘ಏನಣ್ಣ ಇದು’ ಅಂತ ಕೇಳುತ್ತೇನೆ. ಕೂತು ಹೇಳುತ್ತಾರೆ. ನನ್ನ ಒಳ್ಳೆಯ ವರದಿಗಳಲ್ಲಿ ಅರ್ಧ ಆ ಕೌಂಟರ್ ಮುಂದೆ ಹುಟ್ಟಿದ್ದು.

ಹಾಗಾಗಿ ನಿಮಗೆ ನನ್ನ ಮಾತು ಇಷ್ಟು. ಬಿ.ಇಡಿ. ಮಾಡಿ, ಟ್ಯೂಷನ್ ಹೇಳಿ, ಟೈಪಿಂಗ್ ಕಲಿಯಿರಿ. ಮನೆ ನಡೆಯುವ ದುಡ್ಡು ನೀವು ಬರೆಯಬೇಕಾದ ಜನರ ಕೈಯಿಂದ ಬರದ ಹಾಗೆ ನೋಡಿಕೊಳ್ಳಿ. ಅಷ್ಟು ಇದ್ದರೆ ರಾಯಚೂರಿನಲ್ಲೇ ಇದ್ದು ಈ ಕೆಲಸ ಮಾಡಬಹುದು.

ಈಗ ನಿಮ್ಮ ಕಾಲುವೆ. ನೀವು ಬರೆಯಬೇಕು ಅಂದಿದ್ದೀರಲ್ಲ, ಅದನ್ನು ಬರೆಯಲು ಲೆಕ್ಕ ಬರಬೇಕು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಪೂರ್ತಿ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. ಇದೊಂದು ಬಾಯಿಪಾಠ ಮಾಡಿ. ಕಾಲುವೆಗೆ 4,000 ಕ್ಯುಸೆಕ್ ಬಿಟ್ಟರು ಅಂದರೆ ಸುಮಾರು ಮೂರು ದಿನಕ್ಕೆ ಒಂದು ಟಿಎಂಸಿ ಅಂತ ಅಲ್ಲೇ ನಿಂತು ಹೇಳಬಲ್ಲಿರಿ. ಸಭೆಯಲ್ಲಿ ದೊಡ್ಡವರು ಟಿಎಂಸಿಯಲ್ಲಿ ಮಾತಾಡುತ್ತಾರೆ, ಎಂಜಿನಿಯರ್ ಕ್ಯುಸೆಕ್‌ನಲ್ಲಿ ಉತ್ತರ ಕೊಡುತ್ತಾರೆ, ಕಾಲುವೆ ಕಾಯುವ ಗ್ಯಾಂಗ್‌ಮನ್ ನೀರಿನ ಮಟ್ಟವನ್ನು ಅಡಿಯಲ್ಲಿ ಹೇಳುತ್ತಾನೆ. ಮೂರನ್ನೂ ಜೋಡಿಸಿ ನೋಡುವ ವರದಿಗಾರರು ನಮ್ಮಲ್ಲಿ ಬಹಳ ಕಡಿಮೆ.

ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನಿಲ್ಲುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ. ಮುನಿರಾಬಾದ್‌ನಲ್ಲಿ ಬಿಟ್ಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಿಮ್ಮ ಕಡೆ ಬರಬೇಕು. ಯೋಜನೆ ಮಾಡಿದವರು ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂದುಕೊಂಡಿದ್ದರು. ಮೇಲ್ಭಾಗದಲ್ಲಿ ಎಲ್ಲ ಕಡೆ ಭತ್ತ ಬಂತು. ನಾನೂ ಆ ಭತ್ತದ ಊರಿನವನೇ, ಅದಕ್ಕೇ ಹೇಳುತ್ತಿದ್ದೇನೆ. ನೀರು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲಿದೆ. ಉಳಿದರ್ಧ ಅಕ್ರಮ ಪಂಪ್‌ಸೆಟ್, ಒಡೆದ ತೂಬು, ರಿಪೇರಿ ಆಗದ ಉಪಕಾಲುವೆ.

ಒಂದು ಬೇಸಿಗೆ ಹಂಗಾಮಿನಲ್ಲಿ ಇಲಾಖೆಯಿಂದ ‘ನಿಗದಿಯಂತೆ ನೀರು ಹರಿಸಲಾಗುತ್ತಿದೆ’ ಎಂದು ಪ್ರೆಸ್ ನೋಟ್ ಬಂತು. ಅವತ್ತೇ ಕೊನೆಭಾಗದವರು ಧರಣಿ ಕೂತಿದ್ದರು. ಎರಡೂ ಮಾತು ಹಾಕಿ ಸುದ್ದಿ ಮುಗಿಸಬಹುದಿತ್ತು. ನಾನು ಕಾಲುವೆ ದಂಡೆ ಹಿಡಿದು ನೀರಿನ ಮಟ್ಟ ಅಳೆಯುವ ಗೇಜ್ ಇರುವ ಕಡೆಯೆಲ್ಲ ನಿಲ್ಲುತ್ತಾ ಹೋದೆ. ಒಬ್ಬ ವಯಸ್ಸಾದ ಗ್ಯಾಂಗ್‌ಮನ್ ಗೇಜ್ ಓದುವುದನ್ನು ಕಲಿಸಿಕೊಟ್ಟರು. ರಾತ್ರಿ ಎಷ್ಟು ಇಳಿಯುತ್ತದೆ, ಬೆಳಿಗ್ಗೆ ಎಷ್ಟು ಏರುತ್ತದೆ ಎಂದು ತಮ್ಮ ಪುಸ್ತಕ ತೆರೆದು ತೋರಿಸಿದರು. ಮೇಲೆ ಬಿಟ್ಟಿದ್ದು ನಿಜ, ಕೆಳಗೆ ಮುಟ್ಟದೇ ಇದ್ದದ್ದೂ ನಿಜ. ಎಲ್ಲಿಂದ ಎಲ್ಲಿಗೆ ಬರುವುದರೊಳಗೆ ನೀರು ಕರಗುತ್ತಿದೆ ಎಂದು ಊರಿನ ಹೆಸರು ಹಾಕಿ ಬರೆದೆ. ಮೇಲಿನ ಊರಿನವರು ಅಂಗಡಿಗೆ ಬಂದು ಜಗಳ ಮಾಡಿದರು. ಕೆಲವು ದಿನ ರಾತ್ರಿ ಗಸ್ತು ನಡೆಯಿತು, ಆಮೇಲೆ ನಿಂತಿತು. ಮತ್ತೆ ಬರೆದೆ. ಈ ಕೆಲಸ ಹೀಗೇ ಇರುತ್ತದೆ, ಒಂದು ವರದಿಗೆ ಕಾಲುವೆ ಸರಿಹೋಗುವುದಿಲ್ಲ.

ಇನ್ನೊಂದು ಮಾತು. ತೆಲುಗು, ಉರ್ದು ಅರ್ಥವಾಗುವಷ್ಟಾದರೂ ಕಲಿಯಿರಿ. ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ನಮ್ಮ ಕ್ಯಾಂಪ್‌ಗಳಲ್ಲಿ ಹಿರಿಯರು ತೆಲುಗಿನಲ್ಲೇ ಮನಸ್ಸು ಬಿಚ್ಚುತ್ತಾರೆ. ತಾಂಡಾಗಳಿಗೆ ಹೋದರೆ ಲಂಬಾಣಿ ಬಲ್ಲ ಗೆಳತಿಯನ್ನು ಕರೆದುಕೊಂಡು ಹೋಗಿ. ಗುಳೆ ಹೋದವರ ಮನೆಯಲ್ಲಿ ಅಜ್ಜಿಯರು, ಮಕ್ಕಳು ಮಾತ್ರ ಇರುತ್ತಾರೆ. ಅವರ ಮಾತು ಮೈಕ್ ಹಿಡಿದರೆ ಬರುವುದಿಲ್ಲ, ಪಕ್ಕದಲ್ಲಿ ಕೂತರೆ ಬರುತ್ತದೆ.

ಮಾನ್ವಿ ಕಡೆಯವಳು:

ಸರ್, ಮೇಷ್ಟ್ರೇ, ಇಬ್ಬರಿಗೂ ತುಂಬಾ ಧನ್ಯವಾದ. ಚಾನೆಲ್‌ನವರಿಗೆ ಬೇಡ ಅಂತ ಹೇಳಿಬಿಟ್ಟೆ. ಅಪ್ಪನಿಗೆ ನಿಮ್ಮ ಉತ್ತರ ಓದಿ ಹೇಳಿದೆ. 133 ಇದ್ದದ್ದು 105 ಆಯಿತು ಅಂದಾಗ ‘ಮೊದಲಿನಿಂದ ಎಲ್ಲರೂ ಹೂಳು ಹೂಳು ಅಂತಾರೆ, ಲೆಕ್ಕ ಇವತ್ತು ಗೊತ್ತಾಯ್ತು’ ಅಂದರು.

ಇನ್ನೂ ಎರಡು ಸಂದೇಹ ಇವೆ. ಹೆಣ್ಣುಮಗಳು ಒಬ್ಬಳೇ ಕಾಲುವೆ ದಂಡೆಯಲ್ಲಿ, ಕಚೇರಿಗಳಲ್ಲಿ ಓಡಾಡುವುದು ಹೇಗೆ? ಎಂ.ಎ. ಮಾಡಿದರೆ ಉಪಯೋಗ ಇದೆಯಾ, ಮಾಡುವುದಾದರೆ ಎಲ್ಲಿ?

ಬಳ್ಳಾರಿ ಕೋರ್ಟ್ ಬೀಟ್:

ನಾನು ಬಳ್ಳಾರಿಯಲ್ಲಿ ವರದಿಗಾರ್ತಿ. ಹೆಚ್ಚಾಗಿ ನ್ಯಾಯಾಲಯ ಮತ್ತು ಆಸ್ಪತ್ರೆ ಸುದ್ದಿ ಮಾಡುತ್ತೇನೆ. ಶುರು ಮಾಡಿದಾಗ ಪ್ರೆಸ್ ಮೀಟ್‌ಗಳಲ್ಲಿ ಹೆಂಗಸರಾಗಿ ನಾನೊಬ್ಬಳೇ ಇದ್ದ ದಿನಗಳೇ ಜಾಸ್ತಿ. ಹೂವಿನ ಪ್ರದರ್ಶನ, ಮಹಿಳಾ ದಿನಾಚರಣೆ ಮಾತ್ರ ನನಗೆ ಕೊಡುತ್ತಿದ್ದರು. ಕೋರ್ಟ್‌ಗೆ ಹೋಗುತ್ತೇನೆ ಅಂತ ನಾನೇ ಹಟ ಹಿಡಿದು ಕೇಳಿ ಪಡೆದೆ.

ಓಡಾಟದ ಬಗ್ಗೆ ನೇರವಾಗಿ ಹೇಳುತ್ತೇನೆ. ಎಲ್ಲಿಗೆ ಹೋಗುತ್ತಿದ್ದೀರಿ, ಯಾರನ್ನು ನೋಡುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದು ಮನೆಯಲ್ಲಿ ಒಬ್ಬರಿಗೆ, ಆಫೀಸಿನಲ್ಲಿ ಒಬ್ಬರಿಗೆ ಗೊತ್ತಿರಲಿ. ಹಳ್ಳಿಗೆ ಹೋದರೆ ಮೊದಲು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಭೇಟಿ ಮಾಡಿ. ಊರಿನ ಯಾವ ಮನೆಯಲ್ಲಿ ಏನು ಕಷ್ಟ ಇದೆ ಅಂತ ಅವರಿಗೆ ಗೊತ್ತಿರುವಷ್ಟು ಮುಖಂಡರಿಗೆ ಗೊತ್ತಿರುವುದಿಲ್ಲ. ಅವರ ಜೊತೆ ನಡೆದರೆ ನಿಮ್ಮನ್ನು ಒಳಮನೆಗೇ ಕರೆಯುತ್ತಾರೆ. ಗಂಡಸು ವರದಿಗಾರರಿಗೆ ಇದು ಸಿಗುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ನಮಗೆ ದುಡ್ಡಿಲ್ಲ. ಹೊಸದಾಗಿ ಶುರು ಮಾಡುವ ಹುಡುಗಿಗೆ ಇದು ದೊಡ್ಡ ಅನುಕೂಲ. ಮಾನ್ವಿಯಿಂದ ಮುನಿರಾಬಾದ್ ತನಕ ಖರ್ಚಿಲ್ಲದೆ ಹೋಗಿಬನ್ನಿ, ಕಾಲುವೆ ಶುರುವಾಗುವ ಜಾಗವನ್ನು ಒಮ್ಮೆ ಕಣ್ಣಿಂದ ನೋಡಿ.

ಎಂ.ಎ. ಮಾಡಬಹುದು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ. ಆದರೆ ಎರಡು ವರ್ಷ ಬರೀ ಸಿದ್ಧಾಂತ ಓದಿ ಹೊರಗೆ ಬಂದವರಿಗೆ ಎಫ್‌ಐಆರ್ ಓದಲು ಬರದೇ ಇರುವುದನ್ನು ನೋಡಿದ್ದೇನೆ. ಎಂ.ಎ.ಗೆ ಸೇರಿದರೂ ವಾರಕ್ಕೊಮ್ಮೆ ಜಿಲ್ಲಾ ನ್ಯಾಯಾಲಯದಲ್ಲಿ ಹೋಗಿ ಕೂರಿ. ತೆರೆದ ಕಲಾಪಕ್ಕೆ ಯಾರು ಬೇಕಾದರೂ ಹೋಗಬಹುದು. ದೂರು, ಆರೋಪಪಟ್ಟಿ, ಸಾಕ್ಷಿ, ಪಾಟಿಸವಾಲು, ತೀರ್ಪು ಹೇಗೆ ಒಂದರ ಹಿಂದೆ ಒಂದು ಬರುತ್ತವೆ ಎಂದು ಅಲ್ಲಿ ಕೂತರೆ ತಿಳಿಯುತ್ತದೆ.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಯ ಮೇಲೆ ದಾಳಿ ಆಗಿದ್ದು 2014ರಲ್ಲಿ. ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ತೀರ್ಪಿನ ದಿನ ದೇಶದ ಎಲ್ಲ ಕಡೆಯಿಂದ ಮಾಧ್ಯಮದವರು ಫೋನ್ ಮಾಡಿದರು. ನಡುವಿನ ಹತ್ತು ವರ್ಷ ಆ ಕೇರಿಯ ಜನ ಹೇಗೆ ಬದುಕಿದರು, ಸಾಕ್ಷಿ ಹೇಳಲು ಎಷ್ಟು ಧೈರ್ಯ ಬೇಕಾಯಿತು ಅನ್ನುವುದನ್ನು ಹೇಳಬಲ್ಲವರು ಹತ್ತಿರದಲ್ಲೇ ಇರುವ ವರದಿಗಾರರು. ಇಲ್ಲೇ ಉಳಿಯಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಬಲವಾದ ಕಾರಣ ಕಾಣುವುದಿಲ್ಲ.

ಕಾನೂನು ಸ್ವಲ್ಪ ಓದಲೇಬೇಕು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಫೋಟೊ, ಮನೆ, ಶಾಲೆ, ಅಕ್ಕಪಕ್ಕದ ಗುರುತು ಯಾವುದನ್ನೂ ಹಾಕುವಂತಿಲ್ಲ. ನಮ್ಮ ಕಡೆ ಮೊಬೈಲ್ ಚಾನೆಲ್‌ಗಳು ಮಗುವಿನ ಮನೆ ಮುಂದೆಯೇ ನಿಂತು ಲೈವ್ ಮಾಡುತ್ತವೆ, ತಾಯಿಯ ಮುಖ ತೋರಿಸುತ್ತವೆ. ಊರಿಗೆಲ್ಲ ಗುರುತು ಹತ್ತಿದ ಮೇಲೆ ಆ ಮಗು ಶಾಲೆಗೆ ಹೋಗುವುದು ಹೇಗೆ? ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ. ಮಾನನಷ್ಟಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಇದೆ. ಬರೆಯುವ ಪ್ರತಿ ಸಾಲಿಗೂ ಕೈಯಲ್ಲಿ ಒಂದು ಕಾಗದ ಇರಲಿ.

2024ರ ನವೆಂಬರ್‌ನಲ್ಲಿ ಇಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಕಣ್ಣೀರಿನ ವಿಡಿಯೊಗಳು ಬಹಳ ಬಂದವು. ಡ್ರಿಪ್‌ಗೆ ಹಾಕಿದ ದ್ರಾವಣ ಯಾವ ಬ್ಯಾಚ್, ಲ್ಯಾಬ್ ವರದಿ ಏನು ಹೇಳುತ್ತದೆ, ತಡೆಹಿಡಿದಿದ್ದ ಔಷಧವನ್ನು ಮತ್ತೆ ಬಳಸಲು ಬಿಟ್ಟರಾ ಎಂದು ಕೇಳಬೇಕಿತ್ತು. ಆ ಪ್ರಶ್ನೆ ಕೇಳುವವರು ಎಷ್ಟು ಜನ ಇದ್ದರೂ ಸಾಲದು.

ಅಂದ ಹಾಗೆ, ಮಂಗಳೂರಿನಲ್ಲಿ 1843ರ ಜುಲೈ 1ರಂದು ಶುರುವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮರುವರ್ಷವೇ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ಜುಲೈ 1ರ ಪತ್ರಿಕಾ ದಿನದ ಭಾಷಣಗಳಲ್ಲಿ ನಮ್ಮೂರಿನ ಹೆಸರು ಬರುವುದೇ ಕಡಿಮೆ. ಈ ಭಾಗಕ್ಕೆ ಪತ್ರಿಕೆಯ ಕೆಲಸ ಹೊಸದೇನಲ್ಲ ಅಂತ ಗೊತ್ತಿರಲಿ ಎಂದು ಹೇಳಿದೆ.

ಕೊಪ್ಪಳದ ಡೆಸ್ಕಿನವನು:

ಸಿಂಧನೂರಿನ ಅಣ್ಣನ ಮಾತಿಗೆ ನನ್ನದು ಸ್ವಲ್ಪ ತಕರಾರು ಇದೆ. ನಾನು ಕೊಪ್ಪಳದ ಗಿಣಿಗೇರಾ ಕಡೆಯವನು, ಈಗ ಬೆಂಗಳೂರಿನಲ್ಲಿ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿದ್ದೇನೆ. ಮೊದಲು ಎರಡು ವರ್ಷ ಇಲ್ಲಿಗೆ ಬನ್ನಿ ಅಂತ ನಾನು ಹೇಳುತ್ತೇನೆ. ಟಿವಿಗೆ ಸಂಬಳ ಇಲ್ಲದ ಇಂಟರ್ನ್ ಆಗಿ ಬರಬೇಡಿ, ಪತ್ರಿಕೆಗೆ ಟ್ರೈನಿ ಆಗಿ ಬನ್ನಿ. ಬರವಣಿಗೆಯನ್ನು ತಿದ್ದುವವರು ಜಿಲ್ಲೆಯಲ್ಲಿ ಸಿಗುವುದಿಲ್ಲ. ನಾನು ಕಳಿಸಿದ ಮೊದಲ ಕಾಪಿಯಲ್ಲಿ ಮುಖ್ಯ ವಿಷಯ ಕೊನೆಯ ಪ್ಯಾರಾದಲ್ಲಿತ್ತು. ಅದನ್ನು ಮೇಲೆ ತಂದು, ಅರ್ಧ ಕತ್ತರಿಸಿ, ಯಾಕೆ ಕತ್ತರಿಸಿದೆ ಅಂತ ಕೂರಿಸಿ ಹೇಳಿದ ಒಬ್ಬ ಮುಖ್ಯ ಉಪಸಂಪಾದಕರು ನನಗೆ ಸಿಕ್ಕರು. ಅಂಥವರ ಕೈಕೆಳಗೆ ಒಂದಿಷ್ಟು ದಿನ ಇರಬೇಕು.

ಟ್ರೈನಿ ಪರೀಕ್ಷೆ ಕಷ್ಟವೇನಲ್ಲ. ಸಾಮಾನ್ಯವಾಗಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ, ಒಂದು ವರದಿ ಬರೆಯುವುದು, ಪ್ರಚಲಿತ ವಿದ್ಯಮಾನ ಕೇಳುತ್ತಾರೆ. ಅನುವಾದಕ್ಕೆ ನಮ್ಮ ಕಡೆಯವರು ಹೆದರುತ್ತಾರೆ. ಪಿಟಿಐ ಸುದ್ದಿಸಂಸ್ಥೆಯ ಕಾಪಿ ದಿನಾ ಬರುವುದು ಇಂಗ್ಲಿಷ್‌ನಲ್ಲಿ, ಅದಕ್ಕೇ ಇದು ಬೇಕು. ದಿನಕ್ಕೊಂದು ಸುದ್ದಿ ಅನುವಾದ ಮಾಡಿ, ಮರುದಿನ ಕನ್ನಡ ಪತ್ರಿಕೆಯಲ್ಲಿ ಅದೇ ಸುದ್ದಿ ಹೇಗೆ ಬಂದಿದೆ ನೋಡಿ. ‘ನುಡಿ’ ತಂತ್ರಾಂಶದಲ್ಲೂ ಯೂನಿಕೋಡ್‌ನಲ್ಲೂ ವೇಗವಾಗಿ ಟೈಪ್ ಮಾಡಲು ಬರಲಿ. ಓದಬೇಕಾದರೆ ‘ಪರಿ’ ಜಾಲತಾಣದ ಗ್ರಾಮೀಣ ವರದಿಗಳು ಕನ್ನಡದಲ್ಲೂ ಇವೆ. ಬಹಳ ಕಲಿಯಬಹುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ನಾನು ಡೆಸ್ಕ್‌ನಲ್ಲಿದ್ದೆ. ನಮ್ಮ ಮನೆಯವರೂ ನದಿಯ ಆ ಕಡೆಯೇ ಇರುವವರು. ಎಲ್ಲರೂ ಡ್ಯಾಮ್ ಒಡೆದೇ ಹೋಯಿತು ಅನ್ನುವ ಥರ ಕೂಗುತ್ತಿದ್ದರು. ಹೊರಗೆ ಎಷ್ಟು ಕ್ಯುಸೆಕ್ ಹೋಗುತ್ತಿದೆ, ಒಟ್ಟು 33 ಗೇಟ್‌ಗಳಲ್ಲಿ ಎಷ್ಟು ತೆರೆದಿದ್ದಾರೆ, ಒತ್ತಡ ಇಳಿಸಲು ಯಾಕೆ ತೆರೆಯಬೇಕಾಯಿತು ಅಂತ ನಿಧಾನವಾಗಿ ಹೇಳಿದ್ದು ನಮ್ಮ ಸ್ಥಳೀಯ ವರದಿಗಾರ. ಅವನ ಫೋನ್ ಮಾತನ್ನು ನಾನೇ ಟೈಪ್ ಮಾಡಿದೆ. ಹರಿಯುವ ನೀರಿನಲ್ಲೇ ಗೇಟ್ ಬದಲಿಗೆ ಉಕ್ಕಿನ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸುವ ತನಕ ಆ ವಾರ ಪೂರ್ತಿ ನಾವು ನಂಬಿದ್ದು ಅವನನ್ನೇ. ಅಂಥ ವರದಿಗಾರರ ಬೆಲೆ ಬೆಂಗಳೂರಿಗೆ ಬಂದ ಮೇಲೆ ನನಗೆ ಜಾಸ್ತಿ ಗೊತ್ತಾಗಿದೆ.

ಅದಕ್ಕೇ ಹೇಳುತ್ತೇನೆ, ಬಂದು ಕಲಿತು ವಾಪಸ್ ಹೋಗಿ.

ಎಡದಂಡೆ ವರದಿಗಾರ, ಸಿಂಧನೂರು:

ತಮ್ಮಾ, ತಿದ್ದುವವರು ಬೇಕು ಅನ್ನುವ ಮಾತು ನಿಜ, ಒಪ್ಪಿದೆ. ವಾಪಸ್ ಬರುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಿಂದ ಹೋದ ಒಳ್ಳೊಳ್ಳೆ ಹುಡುಗರು ಅಲ್ಲೇ ಉಳಿದರು. ಸಂಬಳ, ಮಕ್ಕಳ ಶಾಲೆ, ಎಲ್ಲ ಅಲ್ಲೇ ಆಯಿತು. ಅವರನ್ನು ದೂರುವುದಿಲ್ಲ. ಆದರೆ 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತಾಗ, ಶುದ್ಧೀಕರಣ ಘಟಕದ ಒಳಗಿನ ಸ್ಥಿತಿ ಮೊದಲೇ ಗಮನಿಸಿ ಬರೆಯಬೇಕಾಗಿದ್ದವರು ಊರಿನಲ್ಲಿ ಎಷ್ಟು ಜನ ಇದ್ದೆವು? ಅದೇ ವರ್ಷ ಮೇ ತಿಂಗಳಲ್ಲಿ ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕೆಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಅಲ್ಲಿ ದಿನಾ ಹೋಗಿ ಕೂತವರು ಬೆರಳೆಣಿಕೆಯಷ್ಟು. ಜಿಲ್ಲೆ ಖಾಲಿ ಆಗುತ್ತಿದೆ. ಅದು ನನ್ನ ಹೆದರಿಕೆ.

ತಂಗಿ, ಬೆಂಗಳೂರಿಗೆ ಹೋಗುವುದು ಬಿಡುವುದು ಆಮೇಲೆ. ಪರೀಕ್ಷೆಗೆ ಇನ್ನೂ ಸಮಯ ಇದೆ. ಈಗಲೇ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ನೀರು ಯಾಕೆ ಬರಲಿಲ್ಲ’ ಅಂತ ಕೇಳಬೇಡಿ. ಆ ಕಾಯ್ದೆಯಲ್ಲಿ ದಾಖಲೆ ಕೊಡುತ್ತಾರೆ, ಕಾರಣ ಹೇಳುವುದಿಲ್ಲ. ಹೀಗೆ ಬರೆಯಿರಿ: ‘ಕಳೆದ ಎರಡು ಹಂಗಾಮುಗಳಲ್ಲಿ ಇಂಥ ಉಪಕಾಲುವೆಗೆ ದಿನವಾರು ಹರಿಸಿದ ನೀರಿನ ಗೇಜ್ ವಹಿಯ ದೃಢೀಕೃತ ಪ್ರತಿ ಕೊಡಿ.’ ಎರಡನೇ ಅರ್ಜಿಯಲ್ಲಿ ಅದೇ ಉಪಕಾಲುವೆಯ ದುರಸ್ತಿಗೆ ಖರ್ಚು ಮಾಡಿದ ದುಡ್ಡಿನ ಬಿಲ್ಲು, ಅಳತೆ ಪುಸ್ತಕದ ಪ್ರತಿ ಕೇಳಿ. ಪುಟ ಜಾಸ್ತಿ ಆಗಿ ದುಡ್ಡು ಹೆಚ್ಚಾಗುತ್ತದೆ ಅನ್ನಿಸಿದರೆ ಕಡತ ಪರಿಶೀಲನೆ ಕೇಳಿ, ಕಚೇರಿಗೇ ಹೋಗಿ ಕೂತು ನೋಟ್ ಮಾಡಿಕೊಳ್ಳಬಹುದು.

ಇದರ ಜೊತೆ ನಿಮ್ಮ ಪಂಚಾಯಿತಿಯ ಜಮಾಬಂದಿ ಯಾವಾಗ ಅಂತ ವಿಚಾರಿಸಿ ಹೋಗಿ. ವರ್ಷದ ಲೆಕ್ಕವನ್ನು ಜನರ ಮುಂದೆ ಓದುವ ದಿನ ಅದು. ಬಹಳ ಕಡೆ ಯಾರೂ ಇಲ್ಲದೆ ಸಹಿ ಹಾಕಿ ಮುಗಿಸುತ್ತಾರೆ. ನೀವು ಪುಸ್ತಕ ಹಿಡಿದು ಹಿಂದಿನ ಸಾಲಿನಲ್ಲಿ ಕೂತರೂ ಸಾಕು, ಓದುವ ರೀತಿ ಬದಲಾಗುತ್ತದೆ.

ಕಾಗದ ಕೈಗೆ ಬಂದ ಮೇಲೆ 600 ಪದದಲ್ಲಿ ಬರೆದು ಇಲ್ಲೇ ಹಾಕಿ. ಕೊಪ್ಪಳದ ತಮ್ಮ ತಿದ್ದಲಿ. ಬಳ್ಳಾರಿ ಅಕ್ಕ ಕಾನೂನು ನೋಡಲಿ. ಲೆಕ್ಕ ನಾನು ನೋಡುತ್ತೇನೆ.

ಕೊಪ್ಪಳದ ಡೆಸ್ಕಿನವನು:

ಖಂಡಿತ ತಿದ್ದುತ್ತೇನೆ. ಒಂದೇ ಷರತ್ತು: ಮೊದಲ ಪ್ಯಾರಾದಲ್ಲಿ ಒಬ್ಬ ರೈತರ ಹೊಲ, ಒಂದು ಅಂಕಿ, ಒಂದು ಊರಿನ ಹೆಸರು ಇರಬೇಕು. ವಿಶೇಷಣ ಬೇಡ.

ಮಾನ್ವಿ ಕಡೆಯವಳು:

ಬಿ.ಇಡಿ.ಗೆ ಅರ್ಜಿ ಹಾಕುತ್ತೇನೆ ಅಂತ ಅವ್ವನಿಗೆ ಹೇಳಿದೆ, ಬರೆಯುವುದನ್ನು ಬಿಡುವುದಿಲ್ಲ ಅಂತಲೂ ಹೇಳಿದೆ. ಎರಡೂ ಮಾಡು ನೋಡೋಣ ಅಂದಳು. ಪೋಸ್ಟಲ್ ಆರ್ಡರ್ ತಂದಿಟ್ಟಿದ್ದೇನೆ. ನಮ್ಮ ಉಪಕಾಲುವೆ ಯಾವ ವಿಭಾಗಕ್ಕೆ ಬರುತ್ತದೆ ಅಂತ ಊರಲ್ಲಿ ಕೇಳಿದರೆ ಒಬ್ಬರು ಸಿರವಾರ ಅನ್ನುತ್ತಾರೆ, ಒಬ್ಬರು ಯರಮರಸ್ ಅನ್ನುತ್ತಾರೆ. ತಪ್ಪು ಕಚೇರಿಗೆ ಕೊಟ್ಟರೆ ಅರ್ಜಿ ಹಾಳಾಗುತ್ತದಾ?

ಎಡದಂಡೆ ವರದಿಗಾರ, ಸಿಂಧನೂರು:

ಹಾಳಾಗುವುದಿಲ್ಲ. ಕಾಯ್ದೆಯ 6(3) ಸೆಕ್ಷನ್ ಪ್ರಕಾರ ಅವರೇ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಹತ್ತಿರ ಇರುವ ಕಚೇರಿಗೆ ಕೊಡಿ. ಸೀಲು, ತಾರೀಖು ಹಾಕಿದ ಸ್ವೀಕೃತಿ ಪ್ರತಿ ಇಸಿದುಕೊಳ್ಳದೆ ಬರಬೇಡಿ. 30 ದಿನದ ಮೇಲೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಲು ಅದೇ ಕಾಗದ ಬೇಕಾಗುತ್ತದೆ.